ಐದು ತಟ್ಟಿನ ಔಷಧ

ಸೆಪ್ಟೆಂಬರ್ 28, ಶನಿವಾರ

ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಆಸ್ಪತ್ರೆಯಿಂದ ಮನೆಗೆ ಬಂತು. ಎರಡು ಚೀಲ ಬಟ್ಟೆ, ಒಂದು ಚೀಲ ಗುಳಿಗೆ, ಒಂದು ಊರುಗೋಲು, ಬಲಗೈ ಸ್ವಲ್ಪ ಸೋತ ಗಂಡ. ಪಾರ್ಶ್ವವಾಯು ಎಡ ಮಿದುಳಿಗೆ ಹೊಡೆದಿದೆಯಂತೆ. ಮಾತು ಇರುವುದೂ ಅಲ್ಲೇ ಅಂತೆ. ನಾವು ಹೇಳಿದ್ದು ಇವರಿಗೆ ಪೂರಾ ತಿಳಿಯುತ್ತದೆ, ಇವರು ಹೇಳಬೇಕೆಂದದ್ದು ಹೊರಗೆ ಬರುವುದಿಲ್ಲ.

"ಮೊದಲ ಮೂರು ತಿಂಗಳು ಮುಖ್ಯರಿ. ಮಾತು ಬರೂದಿದ್ರ ಅಷ್ಟರಾಗ ದಾರಿ ಹಿಡೀತೈತಿ," ಅಂದರು ಡಾಕ್ಟರು. "ಬರೂದಿದ್ರ" ಅನ್ನುವುದು ವಿಜಯಪುರದಿಂದ ತಿಕೋಟಾದವರೆಗೂ ನನ್ನ ಮಗ್ಗುಲಲ್ಲೇ ಕೂತು ಬಂತು.

ಅತ್ತೆ ರುದ್ರವ್ವ ಬಾಗಿಲಲ್ಲೇ ತಡೆದು ನಿಲ್ಲಿಸಿ, "ಯಪ್ಪಾ, ಅವ್ವಾ ಅನ್ನು ನೋಡೂಣು," ಅಂದರು. ಇವರು ಬಾಯಿ ತೆರೆದರು. ತೆರೆದದ್ದು ಹಾಗೇ ಉಳಿಯಿತು. ಅತ್ತೆ ಒಳಗೆ ಹೋಗಿ ಅನ್ನಕ್ಕೆ ಇಟ್ಟರು.

ಇವರ ಅಂಗಡಿಯ ಶಟರ್ ಇಳಿದೇ ಇದೆ. ಬಸ್ ಸ್ಟ್ಯಾಂಡಿನ ಎದುರಿನ ಎಣ್ಣಿ ಅಂಗಡಿ. ಬೋರ್ಡು ನೋಡಿ ಹೊಸಬರು ಒಗ್ಗರಣೆಗೆ ಎಣ್ಣೆ ಕೇಳಿಕೊಂಡು ಬರುವುದುಂಟು. ಒಳಗಿರುವುದೆಲ್ಲ ದ್ರಾಕ್ಷಿ ತೋಟಕ್ಕೆ ಹೊಡೆಯುವ ಔಷಧ, ನಮ್ಮ ಕಡೆ ಅದಕ್ಕೂ ಎಣ್ಣಿ ಅಂತಲೇ ಅನ್ನುತ್ತಾರೆ. ಊರೆಲ್ಲ ಬಳ್ಳಿಯ ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವುದು, ಮುಗಿಸಿ ಕೂತಿರುವ ಕಾಲ, ಕತ್ತರಿಸಿದ ಕಡ್ಡಿ ಚಿಗುರುವ ಕಾಲ, ಇವರು ಒಂದು ಗಳಿಗೆಯೂ ಮನೆಯಲ್ಲಿ ಕೂಡದ ಕಾಲ. ಕೂತಿದ್ದಾರೆ.

ಬಿ.ಎ. ಕನ್ನಡ ಮುಗಿದ ಮೇಲೆ ಬರೆಯುವ ಚಟ ಬಿಟ್ಟಿದ್ದೆ. ಈಗ ಮತ್ತೆ ಹಿಡಿದೆ. ಮನೆಯಲ್ಲಿ ಒಬ್ಬರಾದರೂ ಮಾತಾಡಬೇಕಲ್ಲ.

ಮಾತು ಹೋದ ಮನೆಯಲ್ಲಿ ಮಂದಿಗೇನು ಕೊರತೆ,
ಬಂದವರಿಗೆಲ್ಲ ಚಹಾ ಮಾಡಿ ಸಕ್ಕರೆಯನೇ ಮರೆತೆ.

ಅಕ್ಟೋಬರ್ 3, ಗುರುವಾರ

ಮಾತು ಕಲಿಸುವವರು ಅಂದರೆ ದಪ್ಪ ಕನ್ನಡಕದ ಹಿರಿಯರೊಬ್ಬರು ಅಂತ ನಾನೇ ಲೆಕ್ಕ ಹಾಕಿದ್ದೆ. ವಿಜಯಪುರದ ಆ ಮಾಳಿಗೆ ಕೋಣೆಯಲ್ಲಿ ಇದ್ದವಳು ಸಪ್ನಾ, ಬಬಲೇಶ್ವರದ ಹುಡುಗಿ, ಮೂವತ್ತೂ ಆಗಿಲ್ಲ. ದಿನಾ ಬಸ್ಸಿಗೆ ಬಂದು ಹೋಗುತ್ತಾಳಂತೆ. ನಮ್ಮ ಮನೆಗೆ ಬಂದವರೆಲ್ಲ ಇವರ ಕಿವಿಯೇ ಹೋಗಿದೆಯೇನೋ ಅನ್ನುವಂತೆ ಕೂಗುತ್ತಾರೆ. ಈಕೆ ಕುರ್ಚಿ ಎಳೆದು ಇವರ ಎದುರು ಸಮಕ್ಕೆ ಕೂತು, ಮೆಲ್ಲಗೆ, "ಕಾಕಾ, ನಾ ಅವಸರ ಮಾಡೂದಿಲ್ಲ. ನೀವೂ ಮಾಡಬ್ಯಾಡ್ರಿ," ಅಂದಳು. ಅಷ್ಟಕ್ಕೇ ನಾನು ಮೆಚ್ಚಿದೆ.

"ಮನಿಯವ್ರ ಹೆಸರು ಎಲ್ಲಾಕ್ಕಿಂತ ಹತ್ತಿರದ್ದು. ಅಲ್ಲಿಂದ ಸುರು ಮಾಡೂಣು. ಕಾಕಾ, ಇವ್ರ ಹೆಸರೇನ್ರಿ? ಸೌ…"

ಇವರು ನನ್ನನ್ನು ನೋಡಿದರು. ನಾನು ಸೆರಗು ಸರಿ ಮಾಡಿಕೊಂಡೆ. ಏನೂ ಬರಲಿಲ್ಲ.

ಸೋಲದ ಎಡಗೈಯಿಂದ ಮೇಜು ತಟ್ಟುತ್ತ ಒಂದೊಂದೇ ತುಂಡು ಅನ್ನಿಸಬೇಕಂತೆ. ಮಾತಿನ ದಾರಿ ಮುಚ್ಚಿದ್ದರೂ ತಾಳದ ದಾರಿ ತೆರೆದಿರಬಹುದಂತೆ. ಸೌ, ಭಾ, ಗ್ಯ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ಅಕ್ಟೋಬರ್ 12, ಶನಿವಾರ

ಓಣಿಯೆಲ್ಲ ಬನ್ನಿ ಕೊಡಲು ಬಂತು. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ." ಇವರು ಎಡಗೈಯಲ್ಲಿ ಎಲೆ ತಗೊಂಡರು, ಎಡಗೈಯಲ್ಲಿ ಎಲೆ ಕೊಟ್ಟರು. ತುಟಿ ಅಲುಗಿತು. ಬಂಗಾರ ಒಳಗೇ ಉಳಿಯಿತು.

ತಟ್ಟಿದ್ದು ಬಹಳ. ಹುಟ್ಟಿದ್ದು ಇಲ್ಲ.

ಅಕ್ಟೋಬರ್ 19, ಶನಿವಾರ

ಇವತ್ತು ಸಪ್ನಾ ಪೆನ್ನು ಕೆಳಗಿಟ್ಟು ಕೇಳಿದಳು. "ಕಾಕು, ಒಂದು ಮಾತು. ಆರಾಮ ಇದ್ದಾಗ ಕಾಕಾ ನಿಮ್ಮನ್ನ ಏನಂತ ಕರೀತಿದ್ರು?"

"ಕರೀತಿರ್ಲಿಲ್ಲವಾ. ಕೆಮ್ಮತಿದ್ರು."

"ಕೆಮ್ಮತಿದ್ರಾ?"

"ಒಂದು ಕೆಮ್ಮು ಅಂದ್ರ ಚಹಾ. ಎರಡು ಅಂದ್ರ ಯಾರೋ ಬಂದಾರ."

"ಮತ್ತ ನೀವು ಅವ್ರನ್ನ?"

"ನಾ ಬಳಿ ಸಪ್ಪಳ ಮಾಡ್ತಿದ್ನಿ."

ಸಪ್ನಾ ಮೇಜಿನ ಮೇಲೆ ಹಣೆ ಇಟ್ಟು ನಕ್ಕಳು. ಇವರೂ ನಕ್ಕರು. ಕಾಯಿಲೆ ಬಿದ್ದ ಮೇಲೆ ಇವರ ನಗು ಇದೇ ಮೊದಲು. ನಗುವಿಗೆ ಸಪ್ಪಳವೂ ಇತ್ತು.

"ತಪ್ಪು ನಂದ ಆತ್ರಿ ಕಾಕು. ಬಾಯಾಗ ಎಂದೂ ಇಟ್ಟುಕೊಳ್ಳದ್ದನ್ನ ಬಾಯಾಗ ಹುಡುಕಾಕತ್ತೇನಿ. ದಿನಾ ಎದ್ದು ಇವ್ರು ಯಾವ ಮಾತು ಹೆಚ್ಚು ಆಡ್ತಿದ್ರು, ಅದನ್ನ ಹೇಳ್ರಿ."

ನನಗೆ ತಿಳಿಯಲಿಲ್ಲ. ಸಂಸಾರ ಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಇವರು ಮಾತನ್ನೆಲ್ಲ ಅಂಗಡಿಯಲ್ಲೇ ಖರ್ಚು ಮಾಡಿ, ಮನೆಗೆ ಬರೀ ಹಸಿವು ತರುತ್ತಿದ್ದರು.

"ಹಂಗಾರ ಮಾತಿದ್ದಲ್ಲಿಗೆ ಕರ್ಕೊಂಡು ಹೋಗಿ ಕೂಡ್ರಸ್ರಿ," ಅಂದಳು ಸಪ್ನಾ.

ಅಕ್ಟೋಬರ್ 24, ಗುರುವಾರ

ಶಟರ್ ಎತ್ತಿದೆ. ಅತ್ತೆಯದು ಒಂದೇ ಹಟ: "ಹೆಣ್ಮಗಳು ಎಣ್ಣಿ ಅಂಗಡ್ಯಾಗ ಕೂತ್ರ ಮಂದಿ ಏನರ ಅಂದಾರು."

"ಅನ್ನಲಿ ಬಿಡ್ರಿ ಅತ್ತಿ. ಯಾರರ ಏನರ ಅನ್ನಲಿ ಅಂತನ ಕೂಡ್ರಾಕತ್ತೇನಿ."

ಕೌಂಟರಿನ ಪಕ್ಕ ಇವರ ಕುರ್ಚಿ ಹಾಕಿದೆ. ಇವರು ಕೂತ ಕೂಡಲೇ ಕಪಾಟನ್ನೆಲ್ಲ ಕಣ್ಣಲ್ಲೇ ಒಮ್ಮೆ ಒರೆಸಿದರು. ಗಿರಾಕಿಗಳು ಬಂದರು, ಖಾಲಿ ಡಬ್ಬಿ ತಂದು ತೋರಿಸಿ ಅಂಥದ್ದೇ ಇನ್ನೊಂದು ಒಯ್ದರು. ನನಗೆ ಅಷ್ಟೇ ಬರುವುದು. ಲೈಸೆನ್ಸ್ ಇವರದು, ಬಾಯಿ ಮಾತ್ರ ನನ್ನದು, ಅದರಲ್ಲಿ ಏನೂ ಇಲ್ಲ.

ಮಧ್ಯಾಹ್ನ ಬಿಡುವಾದಾಗ ಡಬ್ಬಿಗಳ ಮೇಲಿನ ಹೆಸರು ಓದಿದೆ. ಇಂಗ್ಲಿಷ್ ಅಂದರೆ ನನಗೆ ಮೊದಲಿನಿಂದ ಕಲ್ಲು. ಆದರೆ ಒಂದು ಗಮನಿಸಿದೆ. ಇನ್ಸೆಕ್ಟಿಸೈಡ್, ಫಂಗಿಸೈಡ್, ಹರ್ಬಿಸೈಡ್: ಬಾಲ ಒಂದೇ. ಹೆಕ್ಸಾಕೊನಾಜೋಲ್, ಟೆಬುಕೊನಾಜೋಲ್, ಡೈಫೆನೊಕೊನಾಜೋಲ್: ಇವಕ್ಕೂ ಬಾಲ ಒಂದೇ. ಇದು ಅಂತ್ಯಪ್ರಾಸ! ಇಪ್ಪತ್ತು ವರ್ಷ ನನ್ನ ಗಂಡ ಪ್ರಾಸದ ಕಪಾಟಿನ ಮುಂದೆ ಕೂತಿದ್ದ, ನಾನು ಮನೆಯಲ್ಲಿ ಪಲ್ಯದ ಮುಂದೆ ಕೂತು ಪ್ರಾಸ ಹುಡುಕುತ್ತಿದ್ದೆ.

ಸೈಡ್ ಅಂದರೆ ಸಾವಂತೆ, ಜೋಲ್ ಅಂದರೆ ಬೂದಿ,
ತಿಳಿಯದ್ದನ್ನು ಕೊಡಬಾರದು, ಅದೇ ನನ್ನ ಹಾದಿ.

(ಬೂದಿ ಅಂದರೆ ಎಲೆ ಮೇಲೆ ಬೀಳುವ ಬೂದಿರೋಗ. ಜೋಲ್‌ನವರೆಲ್ಲ ಅದಕ್ಕೇ ಒಯ್ಯುತ್ತಾರೆ ಅಂತ ಇವತ್ತಿನ ಗಿರಾಕಿಗಳಿಂದ ತಿಳಿಯಿತು.)

ನವೆಂಬರ್ 1, ಶುಕ್ರವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಈ ಅಂಗಡಿಯಲ್ಲಿ ನಮಸ್ಕಾರ, ಆರಾಮ ಅದೀರಿ, ಯಾವುದೂ ಇಲ್ಲ ಅಂತ ಈಗ ನೋಡಿ ತಿಳಿದಿದ್ದೇನೆ. ತೋಟದವರು ನೇರ ಕೌಂಟರಿಗೆ ಬಂದು, ಚಾಟ್ನಿ ಆಗಿ ಎಷ್ಟು ದಿವಸ, ಏನು ರೋಗ, ಎರಡನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. ಅತ್ತಲಿಂದ ಒಂದೇ ಉಸಿರಿಗೆ ಔಷಧದ ಹೆಸರು ಬರಬೇಕು. ಅದು ಇಲ್ಲಿಯ ಪದ್ಧತಿ.

ಬಿಜ್ಜರಗಿಯ ಭಾಗಪ್ಪ ಬಂದ. ಹಳೆಯ ಗಿರಾಕಿ. ಇವರಿಗೆ ಹೀಗಾದದ್ದು ಗೊತ್ತಿದ್ದವನೇ, ನೋಡಲು ಮನೆಗೂ ಬಂದು ಹೋದವನೇ. ಆದರೆ ತೋಟದ ಚಿಂತೆಯಲ್ಲಿದ್ದ ಮನುಷ್ಯ, ಕುರ್ಚಿಯಲ್ಲಿ ಇವರನ್ನು ಕಂಡವನೇ ಎಲ್ಲ ಮರೆತ.

"ಸಿದ್ದಣ್ಣಾ, ನಲವತ್ತೈದು ದಿವಸದ ಪ್ಲಾಟ, ಎಲಿ ಮ್ಯಾಲೆ ಬೂದಿ ಬಿದ್ದೈತಿ, ಏನ್ ಹೊಡೀಲಿ?"

"ಹೆಕ್ಸಾಕೊನಾಜೋಲ್."

ಯಾರು ಅಂದರು ಅಂತ ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆ ಇತ್ತು.

"ಎಷ್ಟ ಹಾಕ್ಲಿ?" ಅಂತ ಭಾಗಪ್ಪ ಮುಂದುವರಿದ. ಆಮೇಲೆ ಅವನಿಗೂ ಹೊಳೆಯಿತು. ಗೊಬ್ಬರದ ಚೀಲದ ಮೇಲೆ ಕುಸಿದು ಕೂತ. "ಯಕ್ಕಾ, ಅಣ್ಣ ಮಾತಾಡಿದ್ನಲ್ಲಬೇ! ನಾ ಕೇಳೇನಿ! ಖರೇನ ಕೇಳೇನಿ!"

ಇವರು ತಮ್ಮ ತುಟಿ ತಾವೇ ಮುಟ್ಟಿ ನೋಡಿಕೊಂಡರು.

ಹೊರಗೆ ಸಾಲಿ ಮಕ್ಕಳು ರಾಜ್ಯೋತ್ಸವದ ಮೆರವಣಿಗೆಯಲ್ಲಿ ಕನ್ನಡಕ್ಕೆ ಜೈ ಅನ್ನುತ್ತ ಹೋದರು. ನಾನೂ ಜೈ ಅಂದೆ. ಕನ್ನಡದ ಹಬ್ಬದ ದಿನ ನನ್ನ ಗಂಡ ಇಂಗ್ಲಿಷಿನಲ್ಲಿ ಬಾಯಿ ಬಿಟ್ಟ. ತಾಯಿ ಭುವನೇಶ್ವರಿ ಸಿಟ್ಟಾಗುವುದಿಲ್ಲ, ಅಕಿಗೂ ಸಂಸಾರ ಗೊತ್ತಿರುತ್ತದೆ.

ನವೆಂಬರ್ 3, ಭಾನುವಾರ

ಇವತ್ತು ಬರೆಯಲು ಮನಸ್ಸಿಲ್ಲ.

ನೀರು ಬೇಕೇನ್ರಿ? ಹೆಕ್ಸಾಕೊನಾಜೋಲ್. ಇದು ಏನ್ರಿ, ಚಮಚಾ? ಹೆಕ್ಸಾಕೊನಾಜೋಲ್. ಅತ್ತೆ ಎದೆ ತಟ್ಟಿಕೊಂಡು, "ನಾ ಯಾರೋ ಯಪ್ಪಾ?" ಅಂದರು. ಅದಕ್ಕೂ ಅದೇ.

"ಹಗಲು ರಾತ್ರಿ ಬ್ಯಾನಿ ತಿಂದು ಹಡದೇನಿ, ನನಗ ಎಣ್ಣಿ ಹೆಸರಿಟ್ಟಾನ ನೋಡ," ಅಂತ ಅತ್ತೆ ನಗಿಸಲು ನೋಡಿದರು. ಯಾರೂ ನಗಲಿಲ್ಲ. ತಾವು ಅಂದದ್ದು ತಪ್ಪು ಅಂತ ಇವರಿಗೇ ಕೇಳಿಸುತ್ತದೆ. ಅದೇ ಕಷ್ಟ. ಎಡಗೈಯಿಂದ ತೊಡೆಗೆ ಹೊಡೆದುಕೊಂಡು, ಗೋಡೆ ಕಡೆ ಮುಖ ಮಾಡಿ ಮಲಗಿದರು.

ನವೆಂಬರ್ 6, ಬುಧವಾರ

ಸಪ್ನಾಳ ಮುಂದೆ ನಾನು ಅತ್ತೇಬಿಟ್ಟೆ. ಆಕೆ ಹಬ್ಬದ ಮುಖ ಮಾಡಿಕೊಂಡು ನನ್ನ ಕೈ ಹಿಡಿದಳು.

"ಅಳಬ್ಯಾಡ್ರಿ ಕಾಕು. ಐದು ತುಂಡಿನ ಮಾತು, ಒಂದೂ ತುಂಡು ಮುಕ್ಕಾಗದಂಗ ಹೊರಗ ಬಂದೈತಿ. ಇದು ಬಂಗಾರ! ಈಗ ಇದನ್ನ ಒಡಿಯೂಣು."

"ಬಂಗಾರ ಒಡಿಯೂದ್ಯಾಕ?"

"ಇಡೀ ಇದ್ದಾಗ ಇದು ಮಾತಲ್ರಿ, ಒಂದು ಸಪ್ಪಳ. ಬಾಯಿಂದ ಹಾರಿತಂದ್ರ ನಡುವ ಹಿಡಿಯಾಕ ಬರಂಗಿಲ್ಲ. ಒಡದ್ರ ತುಂಡಿಗೂ ತುಂಡಿಗೂ ನಡುವ ಜಾಗ ಸಿಗತೈತಿ. ಜಾಗ ಸಿಕ್ರ ನಿಲ್ಲಾಕ ಬರತೈತಿ. ನಿಲ್ಲಾಕ ಬಂದ್ರ ಬ್ಯಾರೆ ಮಾತಿನ ಕಡೆ ಹೊಳ್ಳಾಕ ಬರತೈತಿ."

ಬಿಳಿ ಹಲಗೆಯ ಮೇಲೆ ಕನ್ನಡದಲ್ಲೇ ಬರೆದಳು. ಹೆಕ್, ಸಾ, ಕೊ, ನಾ, ಜೋಲ್. ಇವು ಉಸಿರಿನ ತುಂಡು, ಒಂದೊಂದಕ್ಕೆ ಒಂದೊಂದು ತಟ್ಟು. ಅದರ ಕೆಳಗೆ ಕೆಂಪು ಪೆನ್ನಿನಿಂದ ಅದೇ ಹೆಸರು ಬರೆದು ಒಂದೇ ಕಡೆ ಗೆರೆ ಎಳೆದಳು. ಇತ್ತ ಹೆಕ್ಸಾ, ಅತ್ತ ಕೊನಾಜೋಲ್. ಇವು ಅರ್ಥದ ತುಂಡು. ಹೆಕ್ಸಾ ಅಂದರೆ ಗ್ರೀಕರ ಆರು. ಈ ಔಷಧದೊಳಗೆ ಆರು ಕಾರ್ಬನ್ನಿನ ಸರಪಳಿ ಇದೆಯಂತೆ. ಕೊನಾಜೋಲ್ ಅನ್ನುವುದು ಮನೆತನದ ಹೆಸರಂತೆ. ನಮ್ಮ ಊರಲ್ಲಿ ಹೆಸರಿನ ಹಿಂದೆ ಅಡ್ಡಹೆಸರು ಇರುವ ಹಾಗೆ. ನಾನು ಫೋನಿನಲ್ಲಿ ಹೇಳಿದ ಮೇಲೆ, ಕೆಮಿಸ್ಟ್ರಿ ಓದಿದ ಗೆಳತಿಯನ್ನು ಕೇಳಿ ಇದೆಲ್ಲ ತಿಳಿದುಕೊಂಡಿದ್ದಾಳೆ. ಒಬ್ಬ ರೋಗಿಯ ಒಂದು ಮಾತಿಗಾಗಿ! ಇಂಥವರೂ ಇರುತ್ತಾರೆ.

ನನಗೆ ಆಸೆ ತಡೆಯಲಿಲ್ಲ. "ಇನ್ಸೆಕ್ಟಿಸೈಡ್ ಒಡೀ ನೋಡೂಣು," ಅಂದೆ.

ಅದಂತೂ ಅದ್ಭುತ. ತಟ್ಟಿದರೆ ನಾಲ್ಕು: ಇನ್, ಸೆಕ್, ಟಿ, ಸೈಡ್. ಅರ್ಥ ಬಿಡಿಸಿದರೆ ಎರಡು: ಇನ್ಸೆಕ್ಟ್ ಹುಳ, ಸೈಡ್ ಕೊಲ್ಲುವುದು, ನಡುವೆ ಬೆಸೆಯಲು ಒಂದು ಇಕಾರ. ಹುಳವನ್ನೂ ಬಿಡಿಸಬಹುದಂತೆ. ಇನ್ಸೆಕ್ಟ್ ಅಂದರೆ ಲ್ಯಾಟಿನ್ನಿನಲ್ಲಿ ಒಳಗೆ ಕತ್ತರಿಸಿದ್ದು. ಇರುವೆಯ ಮೈ ಕತ್ತರಿಸಿ ಜೋಡಿಸಿದಂತೆ ಕಾಣುತ್ತದಲ್ಲ, ಅದಕ್ಕೆ. ಸೈಡ್ ಅನ್ನುವುದರ ಬೇರಿಗೂ ಕಡಿಯುವುದು ಅಂತಲೇ ಅರ್ಥ. ಕಡಿದಿದ್ದನ್ನು ಮತ್ತೆ ಕಡಿಯುವುದು. ಉಸಿರು ಒಂದು ಕಡೆ ಕೊಯ್ಯುತ್ತದೆ, ಅರ್ಥ ಇನ್ನೊಂದು ಕಡೆ ಕೊಯ್ಯುತ್ತದೆ, ಎರಡು ಗಾಯಕ್ಕೂ ಪದ ಸಾಯುವುದಿಲ್ಲ.

ನಾವು ಕಾಲೇಜಿನಲ್ಲಿ ಮಾಡಿದ್ದೂ ಇದೇ ಅಲ್ಲವೇ? ಲಘು ಗುರು ಹಾಕುವಾಗ ಒಂದು ಥರ ಒಡೆದೆವು, ಸಂಧಿ ಸಮಾಸ ಬಿಡಿಸುವಾಗ ಇನ್ನೊಂದು ಥರ. ಮನೆಗೆ ಬಂದು ಹೆಕ್ಸಾಕೊನಾಜೋಲಿಗೆ ಪ್ರಸ್ತಾರ ಹಾಕಿದೆ: ಗುರು ಗುರು ಲಘು ಗುರು ಗುರು. ನಡುವೆ ಒಂದು ಚಿಕ್ಕದು, ಎರಡೂ ಕಡೆ ಜೋಡಿ ದೊಡ್ಡವು. ಹಿಂದಿನಿಂದ ಮುಂದಕ್ಕೆ ಓದಿದರೂ ಅದೇ ನಡೆ. ಬೂದಿರೋಗದ ಔಷಧಕ್ಕೆ ಇಷ್ಟು ಅಂದ ಯಾರಿಗೆ ಬೇಕಿತ್ತು? ಆದರೂ ಕೊಟ್ಟಿದ್ದಾರೆ. ಕಲ್ಲು ಅಂದುಕೊಂಡಿದ್ದೆ ಇಂಗ್ಲಿಷನ್ನು. ಒಡೆದು ನೋಡಿದರೆ ದಾಳಿಂಬೆ.

ನವೆಂಬರ್ 17, ಭಾನುವಾರ

ಹತ್ತು ದಿನ ಬರೀ ನಿಲ್ಲುವುದನ್ನೇ ಕಲಿತರು. ಹೆಕ್, ನಿಲ್ಲು. ಹೆಕ್ ಸಾ, ನಿಲ್ಲು. ಮೊದಮೊದಲು ಬ್ರೇಕ್ ಹೋದ ಟ್ರ್ಯಾಕ್ಟರಿನಂತೆ ಜೋಲ್‌ವರೆಗೂ ಹೋಗಿಯೇ ಬಿಡುತ್ತಿದ್ದರು. ಬೆವರುತ್ತಿದ್ದರು. ಮತ್ತೆ ಮೊದಲಿನಿಂದ. ಈ ಮನುಷ್ಯನಿಗೆ ಇಷ್ಟು ಹಟ ಇದೆ ಅಂತ ನನಗೆ ಗೊತ್ತಿರಲಿಲ್ಲ. ಇದ್ದ ಹಟವನ್ನೆಲ್ಲ ಇಷ್ಟು ವರ್ಷ ಊಟದ ಉಪ್ಪಿನ ಮೇಲಷ್ಟೇ ನೋಡಿದ್ದೆ.

ಇವತ್ತು ಊಟಕ್ಕೆ ಕೂತಾಗ ಅತ್ತೆ ಅನ್ನ ಹಾಕಿದರು. ಮತ್ತೆ ಹಾಕಿದರು. ಮಗ ಬೇಡ ಅನ್ನಲಾರ ಅನ್ನುವ ಧೈರ್ಯದಲ್ಲಿ ಮೂರನೆಯ ಸಲವೂ ಸೌಟು ಎತ್ತಿದರು.

"ಹೆಕ್," ಅಂದರು ಇವರು. ನಿಂತರು. ಎಡಗೈ ಎತ್ತಿ ಒಮ್ಮೆ ತಟ್ಟಿದರು. "ಸಾ… ಕು."

ಅತ್ತೆಯ ಸೌಟು ಗಾಳಿಯಲ್ಲೇ ಉಳಿಯಿತು.

"ಸಾಕು," ಅಂದರು ಮತ್ತೆ, ತಟ್ಟದೆ.

ಹೆತ್ತ ತಾಯಿ ಮಗನ ಬಾಯಲ್ಲಿ ಸಾಕು ಅನ್ನಿಸಿಕೊಂಡು ಅಷ್ಟು ಸಂತೋಷದಿಂದ ಅತ್ತದ್ದು ನಾನು ಬೇರೆಲ್ಲೂ ನೋಡಿಲ್ಲ.

ನವೆಂಬರ್ 28, ಗುರುವಾರ

ಬರೆಯಲು ಪುರುಸೊತ್ತಿಲ್ಲ. ಮೋಡ ಹಾಕಿದೆ, ರೋಗದ ಹೆದರಿಕೆಗೆ ತೋಟದವರೆಲ್ಲ ನಮ್ಮಂಗಡಿಯ ಮುಂದೆ. ಸಾರವಾಡದಿಂದಲೂ ಇಬ್ಬರು ಬಂದಿದ್ದರು. ಒಬ್ಬರಿಗೆ ಕೇಳಿದ್ದು ಕೊಡಲಿಲ್ಲ. "ನಿಮ್ಮ ಪ್ಲಾಟಿಗೆ ಇನ್ನೂ ಹೊತ್ತೈತ್ರಿ, ಮುಂದಿನ ವಾರ ಬರ್ರಿ" ಅಂದೆ. ಇವರು ಕುರ್ಚಿಯಿಂದ ತಲೆಯಾಡಿಸಿದರು.

ಇವರ 'ನೀರು' ಬಂತು, 'ಅವ್ವ' ಬಂತು, 'ಚಹಾ' ಬಂತು. ಇನ್ನೂ ಕೆಲವು ಬಂದಿವೆ, ಈಗ ನೆನಪಾಗುತ್ತಿಲ್ಲ. ಹೊಸ ಡಬ್ಬಿಗಳ ಹೆಸರು ಮಾತ್ರ ಎಲ್ಲ ನೆನಪಿದೆ.

ಡಿಸೆಂಬರ್ 11, ಬುಧವಾರ

ಅಂಗಡಿ ಬಿಟ್ಟು ಏಳಲು ಆಗಲಿಲ್ಲ. ಸಪ್ನಾಳ ಕಡೆಗೆ ಇವರ ಜೊತೆ ಅತ್ತೆ ಹೋದರು. ಬಂದವರದು ಸಂಜೆಯೆಲ್ಲ ಅದೇ ಮಾತು.

"ಏನ್ ಹುಡುಗಿ ಬೇ ಅದು! ಬೈಯಂಗಿಲ್ಲ, ತಿದ್ದಂಗಿಲ್ಲ, ಸುಮ್ಮ ಕಾಯ್ತಾಳ. ಇವ ಒಂದು ಮಾತು ಹುಡುಕೂತನಕ ಕಣ್ಣು ಪಿಳಕಸಂಗಿಲ್ಲ. ಸಾಲ್ಯಾಗ ಇಂಥಾ ಮಾಸ್ತರ ಸಿಕ್ಕಿದ್ರ ಇವ ಮೆಟ್ರಿಕ್ ಒಂದ ಸಲಕ್ಕ ಪಾಸಾಗ್ತಿದ್ದ."

"ಎ…ರಡ," ಅಂದರು ಇವರು. ಎರಡನೇ ಸಲಕ್ಕೆ ಪಾಸಾದದ್ದಂತೆ.

"ಮೂರು," ಅಂದರು ಅತ್ತೆ. ಅವರಿಬ್ಬರೂ ಅದನ್ನು ಬಗೆಹರಿಸಿಕೊಳ್ಳಲಿ. ನನಗೆ ನಾಳೆಯ ಮಾಲಿಗೆ ಫೋನ್ ಮಾಡುವುದಿತ್ತು.

ಜನವರಿ 6, ಸೋಮವಾರ

ಇವತ್ತಿನ ಅವಮಾನ ಬರೆಯದೆ ಬಿಡುವುದಿಲ್ಲ.

ಕನಮಡಿಯ ಶಾಂತಪ್ಪ ಬೆಳಿಗ್ಗೆ ಬಂದ. ನನ್ನ ಕಾಯಂ ಗಿರಾಕಿ, ಈಗೀಗ ಕುರ್ಚಿಯ ಕಡೆ ನೋಡದೆ ನೇರ ನನ್ನನ್ನೇ ಕೇಳುತ್ತಾನೆ. ತಡವಾಗಿ ಚಾಟ್ನಿ ಮಾಡಿದ ತೋಟ, ಮೂಲೆಗೆ ಬೂದಿ ಕಂಡಿದೆ, ಔಷಧ ಹೊಡೆಯುವ ಬಾಡಿಗೆ ಟ್ರ್ಯಾಕ್ಟರ್ ತೋಟದಲ್ಲಿ ನಿಲ್ಲಿಸಿ ಬಂದಿದ್ದಾನೆ. ಕೇಳಬೇಕಾದದ್ದೆಲ್ಲ ಕೇಳಿ ಡಬ್ಬಿ ಇಳಿಸಿ ಕೌಂಟರ್ ಮೇಲೆ ಇಟ್ಟೆ.

"ಬ್ಯಾಡ," ಅಂತ ಕುರ್ಚಿಯಿಂದ ಬಂತು.

"ಇದನ್ನ ಕೊಡೂದ್ರಿ, ನೋಡೇ ಕೊಡಾಕತ್ತೇನಿ," ಅಂದೆ, ತಿರುಗದೆ.

"ಎಣ್ಣಿ… ಬರೋಬ್ಬರಿ ಐತಿ." ಬೆರಳು ತೊಡೆಯ ಮೇಲೆ ತಟ್ಟುತ್ತಿತ್ತು. "ಇವತ್ತ… ಬ್ಯಾಡ. ಗಾಳಿ."

ಎದುರಿನ ಚಹಾದಂಗಡಿಯ ತಾಡಪತ್ರಿ ಪಟಪಟ ಅನ್ನುತ್ತಿತ್ತು, ನಿಜ. ಅದೇನು ಬಿರುಗಾಳಿಯೇ? "ಸಂಜಿಮುಂದ ಇಳೀತೈತಿ ಬಿಡ್ರಿ," ಅಂದೆ.

"ಇಳ್ಯಂಗಿಲ್ಲ." ಆಮೇಲೆ ಶಾಂತಪ್ಪನಿಗೆ: "ನಾಳೆ… ನಸಿಕಿನ್ಯಾಗ ಹೊಡಿ. ಈಗ ಹೊಡದ್ರ… ಮಗ್ಗಲದವನ ತ್ವಾಟಕ್ಕ… ಹೊಡದಂಗ."

ಶಾಂತಪ್ಪ ನಕ್ಕ. "ಅಣ್ಣಾರು ಅನ್ನೂದು ಖರೆ ಐತ್ರಿ ಅಕ್ಕಾರ," ಅಂತ ಡಬ್ಬಿ ಅಲ್ಲೇ ಬಿಟ್ಟು ಟ್ರ್ಯಾಕ್ಟರಿನವನಿಗೆ ಹೇಳಲು ಹೋದ. ನಾನು ಇಳಿಸಿದ ಡಬ್ಬಿಯನ್ನು ನಾನೇ ಮೇಲಿಡಬೇಕಾಯಿತು.

"ಗಿರಾಕಿ ಮುಂದ ಹಂಗ ಅನ್ನೂದೇನ್ರಿ? ನನ್ನ ಮಗ್ಗಲಕ ಕರದು ಹೇಳಬಾರದೇನು?"

"ಹೇಳಿದ್ನಿ. ನೀ… ಕೇಳಂಗಿಲ್ಲ."

"ನಾ ಕೇಳಂಗಿಲ್ಲ?"

"ಮೊದಲಿಂದನೂ… ಕೇಳಂಗಿಲ್ಲ."

ಅಂಗಡಿ ಮುಚ್ಚುವವರೆಗೆ ನಾನು ಆ ಕಡೆ ನೋಡಲಿಲ್ಲ. ಊಟಕ್ಕೆ ಕೂತಾಗ, ಸಾರಿನಲ್ಲಿ ಉಪ್ಪು ಹೆಚ್ಚಾಗಿದೆ ಅಂದರು. ನೀರು ಹಾಕ್ಕೊಳ್ರಿ ಅಂದೆ. ಗಾಳಿಯ ವಿಷಯ ಮತ್ತೆ ತೆಗೆದರು. ನಾನೂ ಸುಮ್ಮನಿರಲಿಲ್ಲ. ಇವರು ಒಂದು ಅಂದರೆ ನಾನು ಎರಡು ಅಂದೆ, ಇವರು ಬೆರಳು ತಟ್ಟಿ ತಟ್ಟಿ ಮೂರನೆಯದು ಹುಡುಕಿ ತಂದರು.

ಅತ್ತೆ ತಾಟು ಎತ್ತಿಕೊಂಡು ಪಡಸಾಲೆಗೆ ಹೊರಟರು. "ಇಬ್ರೂ ಒಂದೀಟು ಬಾಯಿ ಮುಚ್ರಿ, ಉಣ್ಣಾಕ ಬಿಡ್ರಿ. ಈ ಮನ್ಯಾಗ ಮಾತು ಭಾಳ ಆಗ್ಯಾವ."

ನಾನ್ಯಾಕೆ ಮುಚ್ಚಲಿ? ಮೊದಲು ಸುರು ಮಾಡಿದ್ದು ಇವರು.